ಮೂರನೆಯ ಬೇಡ

“ಮೈಕ್ ಹಿಡ್ಕೊಂಡು ಗೋಳು ಹೇಳ್ಕೊಳ್ಳೋಕೆ ನಾವೇನು ಟೀವಿ ಜನಾನಾ, ಲಿನೆಟ್?” ಎಂದ ವರ್ಲಿನ್ ಹೌಗೆನ್. ಕಾಫಿ ಹಂಡೆಯ ನಲ್ಲಿಯ ಕೆಳಗೆ ಲೋಟ ಹಿಡಿದಿದ್ದ. ಅದು ತುಂಬಿ ಹೊರಚೆಲ್ಲಿ ಬೆರಳು ಸುಟ್ಟಾಗಲೇ ನಲ್ಲಿ ತಿರುಗಿಸಿದ್ದು.

ಗೋಳು ಯಾರಿಗೂ ಬೇಡ, ವ್ಯಾನ್ ಬೇಕು ಅಂತ ಒಂದು ಮಾತು ಅಂದರೆ ಸಾಕು ಎಂದೆ. ಅವನು ಲೋಟವನ್ನು ಕೈಯಿಂದ ಕೈಗೆ ಬದಲಾಯಿಸುತ್ತ, ಬೇಕು ಅನ್ನುವುದಕ್ಕೂ ಗೋಳಿಗೂ ಏನು ದೊಡ್ಡ ವ್ಯತ್ಯಾಸ ಎಂದು ಕೇಳಿದ. ನಮ್ಮ ಕಡೆ ಇಲ್ಲ, ನಿಜ. ನಾರ್ತ್ ಡಕೋಟಾದ ಈ ಮೂಲೆಯಲ್ಲಿ ಮನೆ ಸುಟ್ಟುಹೋದವನನ್ನು ವಿಚಾರಿಸಿದರೂ ಗ್ಯಾರೇಜ್ ಉಳಿದಿದೆ ಎಂದೇ ಉತ್ತರ ಕೊಡುತ್ತಾನೆ.

ನಾನು ಈ ಜಿಲ್ಲೆಯ ವ್ಯಾನ್ ಓಡಿಸುವವಳು. ಅದಕ್ಕೆ ಮುಂಚೆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದೆ. ಮಕ್ಕಳು ಕಡಿಮೆಯಾಗಿ ಶಾಲೆಯನ್ನು ಪಕ್ಕದೂರಿಗೆ ಸೇರಿಸಿದ ಮೇಲೆ, ಇಷ್ಟು ದಿನ ಊಟ ಬಡಿಸಿದ್ದು ಸಾಕು, ಇನ್ನು ಊಟ ತಿಂದವರ ಅಪ್ಪ ಅಮ್ಮಂದಿರನ್ನು ಹೊತ್ತು ತಿರುಗೋಣ ಎಂದು ಸ್ಟಿಯರಿಂಗ್ ಹಿಡಿದೆ. ನನ್ನ ವ್ಯಾನಿನಲ್ಲಿ ಕೂರುವವರಲ್ಲಿ ಕಾರಣವಿಲ್ಲದೆ ಕೂತವರು ಯಾರೂ ಇಲ್ಲ. ಒಬ್ಬರಿಗೆ ಕಣ್ಣು, ಒಬ್ಬರಿಗೆ ಸೊಂಟ, ಒಬ್ಬರಿಗೆ ಲೈಸೆನ್ಸನ್ನು ಮಗಳು ಬಚ್ಚಿಟ್ಟಿದ್ದಾಳೆ. ಅವರೆಲ್ಲರಿಗಿಂತ ಮೊದಲ ಹಕ್ಕು ಹಾರ್ಲನ್ ಬ್ರೆಕೆಯದು. ಅವನ ಮೂತ್ರಪಿಂಡಗಳು ಕೈಕೊಟ್ಟು ಬಹಳ ದಿನವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಅವನನ್ನು ಮೈನಾಟ್ ಪಟ್ಟಣಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಜೊತೆಗೆ ಹೆಂಡತಿ ಮಾರ್ಲಿಸ್. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ನಡುವೆ ಅವನ ರಕ್ತ ಯಂತ್ರದಲ್ಲಿ ತಿರುಗುವಷ್ಟು ಹೊತ್ತು ಮಾರ್ಲಿಸ್ ಸ್ವೆಟರ್ ಹೆಣೆಯುತ್ತಾಳೆ, ನಾನು ವ್ಯಾನಿನಲ್ಲಿ ನಿದ್ದೆ ಮಾಡುತ್ತೇನೆ.

ಆ ವ್ಯಾನಿನ ಎಣ್ಣೆ, ನನ್ನ ಸಂಬಳ, ಹೊರಗಿನ ಹೆದ್ದಾರಿ, ಸೇತುವೆ ಎಲ್ಲದರ ಹಣವೂ ವಾಷಿಂಗ್ಟನ್ನಿನಲ್ಲಿ ಕೆಲವು ವರ್ಷಗಳಿಗೊಮ್ಮೆ ಮಾಡುವ ಒಂದು ದೊಡ್ಡ ಕಾಯಿದೆಯಿಂದ ಬರುತ್ತದೆ. ಈಗಿರುವುದರ ಅವಧಿ ಬರುವ ಸೆಪ್ಟೆಂಬರಿಗೆ ಮುಗಿಯುತ್ತದೆ. ಹೊಸದು ಬರೆಯುವ ಮುಂಚೆ ಜನರ ಮಾತು ಕೇಳಬೇಕಂತೆ. ಅದಕ್ಕಾಗಿ ರಾಜ್ಯದ ಕಚೇರಿಯಿಂದ ಒಬ್ಬರು ಊರೂರು ಸುತ್ತುತ್ತಿದ್ದರು. ಆ ನವೆಂಬರ್ ಮಧ್ಯಾಹ್ನ ನಮ್ಮ ಸರದಿ. ಜಾಗ ಮಾಜಿ ಸೈನಿಕರ ಹಾಲ್. ಬಿಂಗೋ ಆಡುವ ಮೇಜುಗಳನ್ನು ಗೋಡೆಗೆ ಒರಗಿಸಿ ಕುರ್ಚಿ ಹಾಕಿದ್ದರು. ಎಲ್ಲರೂ ಹಿಂದಿನ ಸಾಲುಗಳಲ್ಲಿ ಒತ್ತಾಗಿ ಕೂತಿದ್ದರು. ಮುಂದೆ ನಾಲ್ಕಾರು ಸಾಲು ಬೋಳಾಗಿತ್ತು.

ಹಿಂದಿನ ಕಾಯಿದೆಯ ಸಮಯದಲ್ಲೂ ಇದೇ ಹಾಲಿನಲ್ಲಿ ಇದೇ ಸಭೆ ಆಗಿತ್ತು. ಆಗ ನಮ್ಮವರು ಒಬ್ಬೊಬ್ಬರಾಗಿ ಎದ್ದು, ಪರವಾಗಿಲ್ಲ, ನಡೆದುಹೋಗುತ್ತೆ, ನಮಗಿಂತ ಕಷ್ಟದಲ್ಲಿರುವವರು ಇದ್ದಾರೆ ಎಂದು ಹೇಳಿ, ಬಂದ ಅಧಿಕಾರಿಗೆ ಕೇಕ್ ಕಟ್ಟಿಕೊಟ್ಟು ಕಳಿಸಿದ್ದರು. ವರದಿಯಲ್ಲಿ ನಮ್ಮ ಜಿಲ್ಲೆಯ ಎದುರು ‘ವಿಶೇಷ ಅಗತ್ಯ ಕಂಡುಬಂದಿಲ್ಲ’ ಎಂದು ಬಂತು. ಆಮೇಲೆ ಅಂಗಡಿಗೂ ಔಷಧಕ್ಕೂ ಹೋಗುತ್ತಿದ್ದ ಮಂಗಳವಾರದ ವ್ಯಾನ್ ನಿಂತಿತು. ಅಧಿಕಾರಿಯದೇನು ತಪ್ಪು? ನಾವು ಹೇಳಿದ್ದನ್ನೇ ಬರೆದುಕೊಂಡಿದ್ದ.

ಈ ಸಲ ಉಳಿದಿರುವುದು ಮೈನಾಟ್ ವ್ಯಾನ್ ಒಂದೇ. ಅದೂ ಹೋದರೆ ಹಾರ್ಲನ್ ಯಂತ್ರದ ಹತ್ತಿರ ಹೋಗಿ ಬದುಕಬೇಕು. ಎಂದರೆ ಮೈನಾಟ್‌ನ ವೃದ್ಧಾಶ್ರಮ. ಮಾರ್ಲಿಸ್‌ಗೆ ಅಲ್ಲಿ ಜಾಗ ಸಿಗುವುದಿಲ್ಲ, ಅವಳು ಇನ್ನೂ ಗಟ್ಟಿಯಾಗಿದ್ದಾಳೆ. ಮದುವೆಯಾದಂದಿನಿಂದ ಒಂದೇ ಮಂಚದಲ್ಲಿ ಮಲಗಿದವರನ್ನು ಬೇರೆ ಬೇರೆ ಊರಲ್ಲಿ ಮಲಗಿಸಬೇಕಾಗುತ್ತದೆ, ಅಷ್ಟೆ.

ಇದನ್ನೆಲ್ಲ ಎದ್ದುನಿಂತು ಹೇಳು ಎಂದು ಅವಳನ್ನು ವಾರವಿಡೀ ವ್ಯಾನಿನಲ್ಲಿ ಕಾಡಿದ್ದೆ. ಅವಳು ಹೆಣಿಗೆಯಿಂದ ತಲೆ ಎತ್ತದೆ, ನೋಡೋಣ ಅನ್ನುತ್ತಿದ್ದಳು. ನಮ್ಮಲ್ಲಿ ನೋಡೋಣ ಅಂದರೆ ಇಲ್ಲ ಅಂತಲೇ. ಹಾರ್ಲನ್ ಮಾತ್ರ ಹಿಂದಿನಿಂದ, “ಹೇಳೆ ಮಾರಾಯ್ತಿ, ಇಲ್ದಿದ್ರೆ ನನ್ನನ್ನ ವರ್ಲಿನ್ ಕೈಗೆ ಕೊಡ್ತಾರೆ. ಯಂತ್ರ ಸೇರೋದೂ ಬೇಡ, ನೇರ ಸ್ಮಶಾನಕ್ಕೇ ಇಳಿಸ್ತಾನೆ,” ಎನ್ನುತ್ತಿದ್ದ.

ಅದು ತಮಾಷೆಯಷ್ಟೇ ಆಗಿರಲಿಲ್ಲ. ಕಳೆದ ಚಳಿಗಾಲದಲ್ಲಿ ವ್ಯಾನ್ ಕೆಟ್ಟು ಒಂದು ವಾರ ನಿಂತಾಗ ಅವರನ್ನು ಮೈನಾಟ್‌ಗೆ ಕರೆದೊಯ್ದವನು ವರ್ಲಿನ್, ಅವರ ಪಕ್ಕದ ಹೊಲದವನು. ಹೋಗುವಾಗ ಬೆಳಕಿರುತ್ತಿತ್ತು, ತೊಂದರೆಯಿಲ್ಲ. ಬರುವಾಗ ಹೊತ್ತು ಮುಳುಗುತ್ತಿತ್ತು. ಒಂದು ಸಂಜೆ ಅವನು ಹೆದ್ದಾರಿಯ ಗೆರೆ ದಾಟಿ ಎದುರಿನ ದಾರಿಯಲ್ಲೇ ಹೋಗುತ್ತಿದ್ದನಂತೆ, ಎದುರಿಂದ ಗೋಧಿ ಲಾರಿ ಬರುತ್ತಿದ್ದಾಗ, ಮಳೆ ಬೆಳೆಯ ಬಗ್ಗೆ ಮಾತಾಡುತ್ತ. ಲಾರಿಯವನು ಹಾರ್ನ್ ಒತ್ತಿಕೊಂಡು ಹಳ್ಳಕ್ಕೆ ಇಳಿಸಿದ. ವರ್ಲಿನ್, ಈಗಿನ ಹುಡುಗರಿಗೆ ಓಡಿಸಲು ಬರುವುದಿಲ್ಲ ಎಂದನಂತೆ. ಇದನ್ನು ಹಾರ್ಲನ್ ನನಗೆ ಹೇಳಿದ್ದು ನಗುತ್ತಾ. ಮಾರ್ಲಿಸ್ ನಕ್ಕಿರಲಿಲ್ಲ. ಊರಲ್ಲಿ ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಕೇಳಿದ್ದಳು. ಅಷ್ಟು ಉಪಕಾರ ಮಾಡಿದ ಮನುಷ್ಯನ ಮೇಲೆ ಹಾಗೆ ಹೇಳಬಾರದು, ಅಲ್ಲವೇ.

ರಾಜ್ಯದಿಂದ ಬಂದವಳ ಹೆಸರು ಮೆರಿಡಿತ್. ಮೂವತ್ತೈದರ ಆಸುಪಾಸಿನವಳು, ಕಣ್ಣ ಕೆಳಗೆ ಕಪ್ಪು. ಬೆಳಿಗ್ಗೆಯೇ ಇನ್ನೊಂದು ಊರಲ್ಲಿ ಸಭೆ ಮುಗಿಸಿ ಬಂದಿದ್ದಳು, ರಾತ್ರಿ ಮತ್ತೊಂದಿತ್ತು. ಒಬ್ಬೊಬ್ಬರಿಗೆ ಮೂರು ನಿಮಿಷ, ನೀವು ಹೇಳಿದ್ದು ಹೇಳಿದ ಹಾಗೆ ವರದಿಗೆ ಹೋಗುತ್ತದೆ, ಅದರಾಚೆ ನಾನು ಮಾತು ಕೊಡಲಾರೆ ಎಂದಳು. ಆ ಕೊನೆಯ ಮಾತಿಗೆ ಅವಳ ಮೇಲೆ ನನಗೆ ಪ್ರೀತಿ ಬಂತು.

ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಹೀಟರಿನ ಸದ್ದು ಕೇಳುತ್ತಿತ್ತು. ಆಮೇಲೆ ಡೆಲ್ಮರ್ ಓಸ್ ಎದ್ದು, ಟೋಪಿ ತೆಗೆದು, ತೊರೆಯ ಸೇತುವೆಯಲ್ಲಿ ಒಂದು ತೂತಿದೆ, ಕಾರು ಬೀಳುವಷ್ಟಲ್ಲ, ಸುತ್ತು ಹಾಕಿ ಹೋದರಾಯಿತು ಎಂದು ಹೇಳಿ ಕೂತ. ತೂತು ಎಷ್ಟು ದೊಡ್ಡದು ಎಂದು ಮೆರಿಡಿತ್ ಕೇಳಿದಳು. ಕರು ಬಿದ್ದಿತ್ತು, ಆದರೆ ಚಿಕ್ಕ ಕರು ಎಂದ. ಯೂನಿಸ್ ಲೀ ಎದ್ದು, ಜಲ್ಲಿ ರಸ್ತೆಯಲ್ಲಿ ತನ್ನ ಎರಡು ಟೈರ್ ಹೋಗಿವೆ, ಅವು ಹಳೆಯವೇ ಆಗಿದ್ದವು ಎಂದಳು. ನನ್ನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದ ಹಾರ್ಲನ್ ಬಾಯಲ್ಲಿ ಐಸ್ ಚೂರು ಚಪ್ಪರಿಸುತ್ತಿದ್ದ. ಅವನಿಗೆ ಕಾಫಿ ಕುಡಿಯುವ ಹಾಗಿಲ್ಲ, ನೀರಿಗೂ ಲೆಕ್ಕ. ಅವನು ನನ್ನ ಕಿವಿಯಲ್ಲಿ, “ಇವ್ರನ್ನ ಕೇಳಿದ್ರೆ ನಮ್ ಜಿಲ್ಲೆ ಸ್ವರ್ಗ ಕಣೆ. ದುಡ್ಡು ವಾಪಸ್ ಕಳಿಸೋಣ,” ಎಂದ.

ಆಗ ವರ್ಲಿನ್ ಎದ್ದ. ಉದ್ದ ಮನುಷ್ಯ, ಬೆನ್ನು ಇನ್ನೂ ನೆಟ್ಟಗಿದೆ. ಮೈಕ್ ಬೇಡ ಎಂದು ಕೈಯಾಡಿಸಿ ನಿಂತಲ್ಲಿಂದಲೇ ಮಾತಾಡಿದ. ವ್ಯಾನ್ ಒಳ್ಳೆಯದೇ, ಲಿನೆಟ್ ಒಳ್ಳೆಯ ಹುಡುಗಿ ಎಂದ. ಈ ಹುಡುಗಿಗೆ, ಅಂದರೆ ನನಗೆ, ಅರವತ್ತೆರಡು. ಆದರೆ ವಾಷಿಂಗ್ಟನ್ನಿನವರಿಗೆ ಕೈ ಬಿಗಿ ಇದ್ದರೆ ನಮ್ಮ ಜನರನ್ನು ನೋಡಿಕೊಳ್ಳುವುದು ನಮಗೆ ಗೊತ್ತು, ಹೋದ ಚಳಿಗಾಲದಲ್ಲಿ ವಾರ ಪೂರ್ತಿ ಹಾರ್ಲನ್‌ನನ್ನು ನಾನೇ ಕರೆದೊಯ್ದೆ, ಇನ್ನು ಮುಂದೆಯೂ ಕರೆದೊಯ್ಯುತ್ತೇನೆ, ಎಷ್ಟು ವರ್ಷವಾದರೂ ಸರಿ ಎಂದ.

ಅವನು ಅಷ್ಟು ಹೇಳಿದ ಮೇಲೆ ಉಳಿದವರು ಸುಮ್ಮನಿರುವುದು ಹೇಗೆ? ಡೆಲ್ಮರ್ ತಾನು ಬುಧವಾರ ಎಂದ. ಯೂನಿಸ್ ತನ್ನ ಟೈರ್ ಈಗ ಹೊಸವು, ಶುಕ್ರವಾರ ತನಗಿರಲಿ ಎಂದಳು. ಅಲ್ಲಿವರೆಗೆ ಬಾಯಿ ಬಿಡದವರೆಲ್ಲ ಕೈ ಎತ್ತತೊಡಗಿದರು. ತಮಗೆ ಬೇಕು ಎನ್ನಲು ನಾಲಿಗೆ ಹೊರಳದವರಿಗೆ ಕೊಡುತ್ತೇನೆ ಎನ್ನಲು ಎಷ್ಟು ಸಲೀಸು. ಹಾಲ್ ಬೆಚ್ಚಗಾಯಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮೆರಿಡಿತ್ ಬರೆಯುತ್ತಿದ್ದಳು, ಸುಸ್ತಾದ ಮುಖದಲ್ಲಿ ನಗು ಬಂದಿತ್ತು. ಇಂಥ ಊರು ನೋಡಿರಲಿಲ್ಲ, ಇದನ್ನು ಹೀಗೆಯೇ ಬರೆಯುತ್ತೇನೆ ಎಂದಳು. ನಮ್ಮ ಒಳ್ಳೆಯತನವೇ ನಮ್ಮ ವ್ಯಾನಿನ ಚಕ್ರದ ಗಾಳಿ ತೆಗೆಯುತ್ತಿತ್ತು.

ನಾನು ಎದ್ದು ಹೇಳಬಹುದಿತ್ತು. ಆದರೆ ಅದು ನನ್ನ ಸಂಬಳ. ತನ್ನ ಸಂಬಳಕ್ಕಾಗಿ ಮಾತಾಡಿದಳು ಅನ್ನಿಸಿಕೊಂಡರೆ ಆ ಮಾತಿಗೆ ಕಾಸಿನ ಬೆಲೆ ಇರುತ್ತಿರಲಿಲ್ಲ.

ಮಾರ್ಲಿಸ್ ಹೆಣಿಗೆಯನ್ನು ಚೀಲದಲ್ಲಿಟ್ಟಳು. ಎದ್ದಳು. ಮೈಕಿನ ಹತ್ತಿರ ಹೋಗಲಿಲ್ಲ, ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತಳು.

“ಥ್ಯಾಂಕ್ಸ್ ವರ್ಲಿನ್. ಬೇಡ,” ಎಂದಳು.

ಎಲ್ಲರೂ ಪ್ರೀತಿಯಿಂದ ನಕ್ಕರು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಏನನ್ನಾದರೂ ಕೊಡಲು ಬಂದಾಗ ಮೊದಲ ಸಲ ಬೇಡ ಎನ್ನುತ್ತೇವೆ. ಕಾಫಿಯಿರಲಿ, ಕೊಯ್ಲಿನ ಸಹಾಯವಿರಲಿ. ಎರಡನೆಯ ಸಲವೂ ಬೇಡ. ಮೂರನೆಯ ಸಲ ಕೇಳಿದಾಗ, ನಿಮಗೆ ತೊಂದರೆ ಆಗದಿದ್ದರೆ ಸ್ವಲ್ಪ ಕೊಡಿ ಎನ್ನುತ್ತೇವೆ. ಮೊದಲ ಬೇಡವನ್ನು ಯಾರೂ ಬೇಡ ಎಂದು ತಿಳಿಯುವುದಿಲ್ಲ. ತಿಳಿದವನು ಒರಟ.

ವರ್ಲಿನ್ ಅಂತೂ ಒರಟನಲ್ಲ. ನನಗೇನು ಕಷ್ಟ, ಹೇಗಿದ್ದರೂ ಮೈನಾಟ್‌ನಲ್ಲಿ ಟ್ರ್ಯಾಕ್ಟರಿನ ಸಾಮಾನು ಕೊಳ್ಳುವುದಿರುತ್ತದೆ ಎಂದ.

“ಇಲ್ಲ ವರ್ಲಿನ್. ಬೇಡ.”

ಇದೂ ಸರಿಯಾಗಿಯೇ ಇತ್ತು. ಮೆರಿಡಿತ್ ತಲೆ ಎತ್ತದೆ ಬರೆಯುತ್ತಲೇ ಇದ್ದಳು. ಅವಳೂ ಈ ರಾಜ್ಯದವಳೇ, ಅವಳ ಅಜ್ಜಿಯೂ ಎರಡು ಸಲ ಬೇಡ ಎಂದೇ ಬದುಕಿರಬೇಕು. ವರ್ಲಿನ್ ಎರಡೂ ಕೈ ಚಾಚಿ, ಅಕ್ಕಪಕ್ಕದವರು ಇರುವುದಾದರೂ ಯಾತಕ್ಕೆ, ಒಪ್ಪಿಕೊಂಡುಬಿಡು ಎಂದ. ಅದು ಮೂರನೆಯ ಸಲ. ಇನ್ನು ಅವಳು ತಲೆಯಾಡಿಸಿ ಕೂರಬೇಕು, ನಾವು ಕಾಫಿಗೆ ಏಳಬೇಕು.

“ಬೇಡ,” ಎಂದಳು ಮಾರ್ಲಿಸ್.

ಮೆರಿಡಿತ್‌ಳ ಪೆನ್ನು ನಿಂತಿತು. ನಿಜವಾಗಿ ನಿಂತಿತು, ನಾನು ನೋಡುತ್ತಿದ್ದೆ. ಹಾರ್ಲನ್ ಬಾಯಲ್ಲಿದ್ದ ಐಸನ್ನು ಕಡಿಯುವುದು ಬಿಟ್ಟ. ವರ್ಲಿನ್ ಇನ್ನೂ ಕೈ ಚಾಚಿಕೊಂಡೇ ಇದ್ದ, ಅವನ ಮುಖದಲ್ಲಿ ನಗು ಹೋಗಲು ದಾರಿ ಹುಡುಕುತ್ತಿತ್ತು.

“ಹೊತ್ತು ಮುಳುಗಿದ್ಮೇಲೆ ನಿಂಗೆ ಕಣ್ಣು ಕಾಣಲ್ಲ ವರ್ಲಿನ್,” ಎಂದಳು. ದನಿ ಏರಿಸಲಿಲ್ಲ. “ಹೋದ ಚಳಿಗಾಲದಲ್ಲಿ ಆ ಲಾರಿಯವನು ಹಳ್ಳಕ್ಕಿಳಿಸ್ದೆ ಇದ್ದಿದ್ರೆ ನಾವು ಮೂರು ಜನಾನೂ ಹೋಗಿರ್ತಿದ್ವಿ. ಅವನು ಎದುರು ಬರ್ಲಿಲ್ಲ. ನೀನು ಅವನ ದಾರೀಲಿದ್ದೆ. ಡೆಲ್ಮರ್, ನಿಂಗೆ ಹೃದಯದ ಆಪರೇಷನ್ ಆಗಿ ಆರು ತಿಂಗ್ಳಾಗಿಲ್ಲ. ಯೂನಿಸ್, ನೀನು ಹೆದ್ದಾರಿಗೆ ಹತ್ತೋಕೆ ಹೆದರಿ ಚರ್ಚಿಗೂ ಒಳದಾರೀಲಿ ಬರ್ತೀಯ. ನಂಗೊತ್ತು. ಎಲ್ರಿಗೂ ಗೊತ್ತು.”

ಯೂನಿಸ್ ತನ್ನ ಕೈಚೀಲದ ಗುಂಡಿಯನ್ನು ನೋಡತೊಡಗಿದಳು.

“ನೀವೆಲ್ಲ ಕೊಡ್ತೀವಿ ಅಂತೀರಿ, ಈ ಹುಡುಗಿ ಬರ್ಕೋತಾಳೆ. ಸೆಪ್ಟೆಂಬರಲ್ಲಿ ವ್ಯಾನ್ ನಿಲ್ಲುತ್ತೆ. ಮೊದಲ್ನೇ ಮಂಜು ಬೀಳೋವರೆಗೂ ನೀವು ಬರ್ತೀರಿ. ಆಮೇಲೆ ಇವ್ನು ಮೈನಾಟಿನಲ್ಲಿರ್ತಾನೆ, ನಾನಿಲ್ಲಿರ್ತೀನಿ.” ಮುಂದಿನ ಮಾತು ಬರುವುದಕ್ಕೆ ಬಹಳ ಹೊತ್ತಾಯಿತು. ನಾನು ಅವಳನ್ನು ನಲವತ್ತು ವರ್ಷದಿಂದ ಬಲ್ಲೆ, ಅವಳ ಬಾಯಲ್ಲಿ ಅದನ್ನು ಕೇಳಿರಲಿಲ್ಲ. “ನಂಗೆ ಆ ವ್ಯಾನ್ ಬೇಕು. ಬರ್ಕೋ ಮಗಳೇ. ಬೇಕು ಅಂತ ಬರ್ಕೋ.”

ಕೂತಳು.

ಹೆಸರು ಹಾಕಬಹುದೇ ಎಂದು ಮೆರಿಡಿತ್ ಮೆಲ್ಲನೆ ಕೇಳಿದಳು. ಮಾರ್ಲಿಸ್ ಹಾಕು ಎಂದಳು, ಇನ್ನೊಮ್ಮೆ ಕೇಳಬೇಡ ಎಂಬಂತೆ. ಬೇರೆ ಯಾರಾದರೂ ಮಾತಾಡುವುದಿದೆಯೇ? ಡೆಲ್ಮರ್ ಕೂತಲ್ಲಿಂದಲೇ, ಆ ಕರು ಅಷ್ಟೇನೂ ಚಿಕ್ಕದಾಗಿರಲಿಲ್ಲ, ಸೇತುವೆಯದನ್ನು ತಿದ್ದಿಕೊಳ್ಳಿ ಎಂದ. ಯಾರೂ ನಗಲಿಲ್ಲ. ಅವಳು ತಿದ್ದಿಕೊಂಡಳು.

ಸಭೆ ಮುಗಿದ ಮೇಲೆ ಕಾಫಿಯ ಹತ್ತಿರ ಸಾಲು ನಿಂತಿತು. ಕುಂಬಳಕಾಯಿ ಕೇಕಿನ ಕೊನೆಯ ತುಂಡನ್ನು ಒಬ್ಬರು ಅರ್ಧ ಮಾಡಿ ತೆಗೆದುಕೊಂಡರು, ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಮೆರಿಡಿತ್ ಕೋಟು ಹಾಕಿಕೊಳ್ಳುತ್ತ ನನ್ನ ಹತ್ತಿರ ಬಂದು, ವರದಿ ಹೋಗುತ್ತದೆ, ಅದು ಇನ್ನೂ ಹತ್ತು ಕೈ ದಾಟಬೇಕು, ಸುಳ್ಳು ಆಸೆ ಹುಟ್ಟಿಸಲಾರೆ ಎಂದಳು. ಗೊತ್ತು ಎಂದೆ. ಅವಳಿಗೆಂದು ಮೊದಲೇ ಕಟ್ಟಿಟ್ಟಿದ್ದ ಕೇಕ್ ಕೊಡಲು ಹೋದೆ. ಬೇಡ ಎಂದಳು. ಇನ್ನೆರಡು ಸಲ ಕೇಳುವ ಶಕ್ತಿ ನನ್ನಲ್ಲಿರಲಿಲ್ಲ, ಅವಳ ಚೀಲದಲ್ಲಿ ಇಟ್ಟುಬಿಟ್ಟೆ.

ಹೊರಗೆ ಕತ್ತಲಾಗುತ್ತಿತ್ತು. ಹಾರ್ಲನ್‌ನ ಗಾಲಿಕುರ್ಚಿಯನ್ನು ವ್ಯಾನಿನ ಲಿಫ್ಟಿಗೆ ಹತ್ತಿಸಿ ಪಟ್ಟಿ ಬಿಗಿಯುತ್ತಿದ್ದೆ. ಮಾರ್ಲಿಸ್ ಮೆಟ್ಟಿಲ ಹತ್ತಿರ ನಿಂತಿದ್ದಳು, ಸಭೆಯಿಂದ ಅವಳ ಮೈಯೆಲ್ಲ ಬಳಲಿತ್ತು. ವರ್ಲಿನ್ ಬಂದ. ಅವನ ಹೆಂಡತಿ ಆರ್ಡಿಸ್ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಪಾತ್ರೆ ಹಿಡಿದು. ಅವಳು ಇಡೀ ಸಭೆಯಲ್ಲಿ ತುಟಿ ಬಿಚ್ಚಿರಲಿಲ್ಲ.

“ಅವತ್ತೇ ಹೇಳ್ಬಹುದಿತ್ತಲ್ಲ ಮಾರ್ಲಿಸ್,” ಎಂದ ವರ್ಲಿನ್. “ನನ್ ಮನೆ ಅಡುಗೆಮನೇಲಿ. ಊರೆಲ್ಲ ಕೂತಿರೋ ಕಡೆ ಯಾಕೆ?”

“ಅಡುಗೆಮನೇಲಿ ಹೇಳಿದ್ರೆ ನೀನು ಹೊಸ ಕನ್ನಡಕ ತಗೊಂಡು ಮಾರ್ನೇ ದಿನ ಬಾಗಿಲಿಗೆ ಬರ್ತಿದ್ದೆ.”

ಅವನು ಅದನ್ನು ಯೋಚಿಸಿದ. ನಿಜ ಎಂದು ಅವನಿಗೂ ಅನ್ನಿಸಿರಬೇಕು.

“ನಾನು ಅಷ್ಟೊಂದು ಕೆಟ್ಟದಾಗಿ ಓಡಿಸ್ತೀನಾ?” ಎಂದು ಕೇಳಿದ. ಕೇಳಿದ್ದು ಮಾರ್ಲಿಸ್‌ಗೆ, ನೋಡಿದ್ದು ಹಾರ್ಲನ್ ಕಡೆ.

ಹಾರ್ಲನ್‌ಗೆ ತಮಾಷೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವನು ಅದನ್ನು ಬಿಟ್ಟುಕೊಟ್ಟ. “ಹಗಲಲ್ಲಿ ಚೆನ್ನಾಗೇ ಓಡಿಸ್ತೀಯ ಕಣೋ,” ಎಂದ.

ವರ್ಲಿನ್ ತಲೆಯಾಡಿಸಿದ. ಮಾರ್ಲಿಸ್ ವ್ಯಾನ್ ಹತ್ತಿ ಕೂತಳು. ಅವನು ಜೇಬಿನಿಂದ ಕೀಲಿ ತೆಗೆದು ತನ್ನ ಪಿಕಪ್ ಗಾಡಿಯ ಕಡೆಗೆ ನಡೆದ. ಹತ್ತಿ, ಎಂಜಿನ್ ಶುರು ಮಾಡಿ, ಹೆಂಡತಿಗಾಗಿ ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದ.

ಆರ್ಡಿಸ್ ಆ ಬಾಗಿಲನ್ನು ನೋಡಿದಳು. ಆಮೇಲೆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ವ್ಯಾನಿನ ಕಂಬಿ ಹಿಡಿದು, ಮೆಟ್ಟಿಲು ಹತ್ತಿ ಮಾರ್ಲಿಸ್‌ಳ ಪಕ್ಕದಲ್ಲಿ ಕೂತಳು. ಬೆಲ್ಟ್ ಹಾಕಿಕೊಳ್ಳಲು ಬಾರದೆ ಸ್ವಲ್ಪ ತಡಕಾಡಿದಳು. ಮಾರ್ಲಿಸ್ ಹಾಕಿಕೊಟ್ಟಳು.

ನಾನು ಹೊರಟೆ. ಕನ್ನಡಿಯಲ್ಲಿ ಪಿಕಪ್ಪಿನ ಬಾಗಿಲು ಇನ್ನೂ ತೆರೆದೇ ಇರುವುದು ಕಂಡಿತು. ಗೋಧಿ ಕಣಜಗಳನ್ನು ದಾಟಿ ಹೆದ್ದಾರಿಗೆ ಹತ್ತುವಷ್ಟರಲ್ಲಿ ಹಿಂದೆ ಪಿಕಪ್ಪಿನ ಎರಡು ದೀಪ ಕಾಣಿಸಿಕೊಂಡವು. ಅವು ಹತ್ತಿರ ಬಂದು, ನನ್ನ ಹಿಂಬದಿಯ ಕೆಂಪು ದೀಪಗಳಿಗೆ ಅಂಟಿಕೊಂಡಂತೆ, ನಾನು ತಿರುಗಿದರೆ ತಿರುಗುತ್ತ, ನಿಧಾನಿಸಿದರೆ ನಿಧಾನಿಸುತ್ತ ಬಂದವು. ನಾನು ಆಕ್ಸಿಲರೇಟರ್ ಮೇಲಿನ ಕಾಲನ್ನು ಸ್ವಲ್ಪ ಸಡಿಲಿಸಿದೆ.